ಮೊಮ್ಮಗಳ ಪಾಳಿಗೂ ನಾನ ಕಂಬ ಹತ್ತಿದ್ದು

ಕಾಚಿಗೂಡ

ಪರದೇಶಕ್ಕ ಹೋಗಬೇಕಂದ್ರ ಪಾಸ್‌ಪೋರ್ಟು ಬೇಕು, ವಿಮಾನ ಬೇಕು, ಕೋಟು ಬೇಕು ಅಂತ ನಮ್ಮ ಗದಗಿನ ಮಂದಿ ತಿಳಕೊಂಡಾರ. ಏನೂ ಬ್ಯಾಡ್ರಿ. ಗುಂತಕಲ್ಲಿನ್ಯಾಗ ಗಾಡಿ ಬದಲಿ ಮಾಡಿ ಮುಂಜಾನೆ ಹೈದರಾಬಾದಿನ ಕಾಚಿಗೂಡದಾಗ ಇಳೀರಿ, ಪರದೇಶ ಬಂತಂತ ತಿಳೀರಿ. ಬೋರ್ಡಿನ ಮ್ಯಾಲಿನ ತೆಲುಗು ಅಕ್ಷರ ದೂರಿಂದ ನಮ್ಮವ ಇದ್ದಂಗ ಕಾಣತಾವ, ಸನೇಕ ಹೋಗಿ ಓದಾಕ ಹತ್ತಿದ್ರ ಅರ್ಧಕ್ಕ ಕೈ ಕೊಡತಾವ. ನಮ್ಮ ಅಕ್ಷರದ ತಲಿ ಮ್ಯಾಲಿನ ಗೆರಿ ಇಲ್ಲೆ ಎದ್ದು ನಿಂತು, ಸರಿ ಉತ್ತರಕ್ಕ ಮಾಸ್ತರು ಹಾಕೂ ಗುರುತಿನಂಗ ಆಗೇತಿ. ಯಾರೋ ಒಬ್ಬ ಮಾಸ್ತರ ಇಡೀ ಊರು ಅಡ್ಡಾಡಿ, ಎಲ್ಲಾ ಬೋರ್ಡು ಸರಿ ಅದಾವ ಅಂತ ಗುರುತು ಹಾಕಿ ಹೋಗ್ಯಾನ ಅನಸ್ತು.

ನಾ ಯಾರಂತ ಗೊತ್ತಿಲ್ಲದವ್ರಿಗೆ ಹೇಳಿಬಿಡತೀನಿ. ಸರಕಾರಿ ಬಸ್ಸಿನ್ಯಾಗ ಕಂಡಕ್ಟರ್ ಆಗಿ ರಿಟೈರ್ ಆದಾಂವ. ಗದಗ ಸುತ್ತಮುತ್ತ ನನ್ನ ಕೈಲೆ ಟಿಕೀಟು ಹರಿಸಿಕೊಳ್ಳದ ಮನಷಾನ ಇಲ್ಲ. ಇದ್ರ ಅಂವ ಜೀವನಪೂರ್ತಿ ನಡಕೊಂತ ಅಡ್ಡಾಡಿದಾಂವ ಇರಬೇಕು. ನೌಕರಿ ಹೋದ್ರೂ ದನಿ ಹೋಗಿಲ್ಲ. ರೈಲು ಕಾಚಿಗೂಡ ಸನೇಕ ಬಂದಾಗ ಡಬ್ಬ್ಯಾಗ ಎಲ್ಲಾರೂ ಹೊದಿಕಿ ಮಡಚಾಕತ್ತಿದ್ರು. ನಾ ಬಾಗಲಾ ಹಿಡದು ನಿಂತು ಒಮ್ಮೆ ‘ಟಿಕೀಟ್, ಟಿಕೀಟ್!’ ಅಂದೆ. ಅಷ್ಟ ನೋಡ್ರಿ. ಒಬ್ಬಾಂವ ಮೊಬೈಲ್ ತಗದ, ಒಬ್ಬಾಕಿ ಬ್ಯಾಗು ಬಿಚ್ಚಿ ಹುಡುಕಾಕ ಹತ್ತಿದ್ಲು, ಮ್ಯಾಲಿನ ಬರ್ತಿನಾಂವ ನಿದ್ದಿಗಣ್ಣಾಗ ಆಧಾರ್ ಕಾರ್ಡು ಕೆಳಗ ಚಾಚಿದ. ನಾ ಈಸ್ಕೊಂಡು ಹಿಂದ ಮುಂದ ನೋಡಿ, ‘ಫೋಟೋ ಚಲೋ ಬಂದೈತಿ’ ಅಂತ ಹೊಳ್ಳಿ ಕೊಟ್ಟೆ. ತೆಲುಗಿನ್ಯಾಗ ಬೈದ. ನನಗ ತೆಲುಗು ಬರೂದಿಲ್ಲ, ಹಿಂಗಾಗಿ ಹತ್ತಲಿಲ್ಲ.

ಸ್ಟೇಶನ್ನಿನ್ಯಾಗ ಮಗಳು ಸುಮಂಗಲಾ ಎರಡೂ ಮಕ್ಕಳನ್ನ ಕರಕೊಂಡು ನಿಂತಿದ್ಲು. ದೊಡ್ಡಾಕಿ ಭೂಮಿ, ಆರು ವರ್ಷ. ಸಣ್ಣಾಂವ ಚಿನ್ನು, ಮೂರು. ಚಿನ್ನು ನನ್ನ ನೋಡಿದಾಂವನ ಅವ್ವನ ಹಿಂದ ಅಡಗಿದ. ಭೂಮಿ ಮುಂದ ಬಂದ್ಲು. ಕಾಲಿಗೆ ಬೀಳಲಿಲ್ಲ, ಆರಾಮ ಅದೀ ಅಂತ ಕೇಳಲಿಲ್ಲ.

‘ತಾತಾ, ಕಂಬ ಹತ್ತೂದು ಯಾವಾಗ?’

‘ತಾತಾ ಅಲ್ಲವಾ, ಅಜ್ಜಾ ಅನ್ನು.’

‘ಅಜ್ಜಾ, ಕಂಬ ಹತ್ತೂದು ಯಾವಾಗ?’

ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಹೈದರಾಬಾದಿನ ಹೊರಗ ಒಂದು ದೊಡ್ಡ ಆಟದ ಪಾರ್ಕು ಐತಿ. ಅಲ್ಲೊಂದು ಕಂಬ. ಕಂಬದ ಸುತ್ತ ಕುರ್ಚಿ. ಮಂದಿನ್ನ ಕುಂದ್ರಿಸಿ, ಬಿಗದು, ಮೆಲ್ಲಕ ಮುಗಿಲಿಗೆ ಏರಿಸಿ, ತುದ್ಯಾಗ ಚೂರು ನಿಂದ್ರಿಸಿ, ಆಮ್ಯಾಲೆ ಬಾವಿಗೆ ಕೊಡಾ ಬಿಟ್ಟಂಗ ಬಿಟ್ಟುಬಿಡತಾರ. ಭೂಮಿ ಅದನ್ನ ಟೀವ್ಯಾಗ ನೋಡ್ಯಾಳ. ಪ್ರತಿ ಆಯಿತವಾರ ಫೋನಿನ್ಯಾಗ ಅದ ಮಾತು. ನಾನೂ ಸುಮ್ಮನ ಇರೂ ಮನಷಾ ಅಲ್ಲ. ಓಡೂ ಬಸ್ಸಿನ ಟಪ್ಪಿನ ಮ್ಯಾಲೆ ನಿಂತು ಟಿಕೀಟು ಹರದಾಂವ ನಾ, ಈ ಕಂಬ ಯಾವ ಲೆಕ್ಕ, ನಾವಿಬ್ಬರೂ ಕೂಡೇ ಹತ್ತೂಣು ಅಂತ ಮಾತು ಕೊಟ್ಟಿದ್ದೆ. ಆಕಿ ಅದನ್ನ ಸಾಲ್ಯಾಗ ಎಲ್ಲಾರಿಗೂ ಸಾರ್ಯಾಳ. ದೀಕ್ಷಿತಾ ಅನ್ನೂ ಹುಡಿಗಿ ಒಬ್ಬಾಕಿ ಮಾತ್ರ ನಂಬಲಿಲ್ಲಂತ. ‘ಮೀ ತಾತ ಅಬದ್ಧಂ’ ಅಂದಾಳಂತ. ನಿಮ್ಮ ಅಜ್ಜ ಬರೇ ಸುಳ್ಳ ಅಂತ. ಸೋಮವಾರ ಸಾಲ್ಯಾಗ ದೀಕ್ಷಿತಾಗ ಉತ್ತರ ಕೊಡಬೇಕಾಗಿತ್ತು. ಅಜ್ಜನ ಮರ್ಯಾದಿ, ಮೊಮ್ಮಗಳ ಮರ್ಯಾದಿ ಎರಡೂ ಆ ಕಂಬದ ತುದಿಗೆ ನೇತಾಡಾಕತ್ತಿದ್ವು.

ಒಂದು ಮಾತು ಮಾತ್ರ ನಾ ಯಾರಿಗೂ ಹೇಳಿರಲಿಲ್ಲ. ನನಗ ಎತ್ತರ ಅಂದ್ರ ಆಗಿಬರೂದಿಲ್ಲ. ಮನಿ ಮಾಳಿಗಿ ಮ್ಯಾಲೆ ಸಂಡಗಿ ಹಾಕಾಕ ಹೋದ್ರೂ ನಟ್ಟನಡುವ ಕುಂತು ಹಾಕತೀನಿ.

ಪಟಾನ್‌ಚೆರು

ಅಳಿಯ ಪಟಾನ್‌ಚೆರುವಿನ ಒಂದು ಔಷಧ ಫ್ಯಾಕ್ಟರ್ಯಾಗ ಅದಾನ. ಬೀದರ ಕಡಿಯಾಂವ, ಭಾಳ ಸೌಮ್ಯ. ನಮ್ಮ ಗದಗಿನ್ಯಾಗ ಸಂಜಿಗೆ ಗಾಳಿ ಬಿಟ್ರ ಮಿರ್ಚಿ ಭಜಿ ವಾಸನಿ ಬರತೈತಿ, ಇಲ್ಲೆ ಗುಳಗಿ ವಾಸನಿ. ಬಾಗಲದಾಗ ನಿಂತು ಉದ್ದಕ ಉಸಿರು ಎಳಕೊಂಡ್ರ ನೆಗಡಿ ಹೋದ್ರೂ ಹೋತು ಅಂದೆ. ಅಳಿಯ ನಕ್ಕ, ಮಗಳು ನಗಲಿಲ್ಲ. ಆಕಿ ನನ್ನ ಜೋಕು ಕೇಳಿ ಕೇಳಿ ದಣದಾಕಿ.

ಆ ಪಾರ್ಕಿನ್ಯಾಗ ಪಾಳಿ ತಪ್ಪಿಸೂ ಪಾಸು ಸಿಗತಾವಂತ. ಪ್ರತಿ ಆಟಕ್ಕ ಎರಡು ದಾರಿ. ಒಂದು ಎಲ್ಲಾರದು. ಅಲ್ಲೆ ಮಂದಿ ರೇಶನ್ ಅಂಗಡಿ ಮುಂದ ನಿಂತಂಗ ನಿಂತಿರತಾರ. ಇನ್ನೊಂದು ಪಾಸಿನವ್ರದು. ಹೋದ್ರ ಹೋದಂಗ, ಸೀದಾ ಕುರ್ಚಿ. ಆದ್ರ ಒಂದು ಆಟಕ್ಕ ಒಮ್ಮೆ ಮಾತ್ರ. ಕೇಳಿದ ಕೂಡಲೆ ನನಗ ಹಿಡಿಸ್ತು.

‘ಅಪ್ಪಾ, ಸಣ್ಣ ಹುಡುಗ್ರು ಇದ್ದಾಗ ಆ ಪಾಸಿಂದ ಏನೂ ಉಪಯೋಗಿಲ್ಲ’ ಅಂದ್ಲು ಸುಮಂಗಲಾ. ‘ಇವರು ಆಡೂ ಆಟಕ್ಕ ಪಾಳಿನ ಇರೂದಿಲ್ಲ. ಪಾಳಿ ಇರೂ ಆಟಕ್ಕ ಇವರನ್ನ ಬಿಡೂದಿಲ್ಲ. ಮ್ಯಾಲಿನ ಮನಿ ಅಕ್ಕಾರು ಹೋಗಿ ಬಂದು ಹೇಳ್ಯಾರ.’

‘ನಿಮ್ಮಪ್ಪ ಹುಟ್ಟಿದಾಗಿಂದ ಪಾಳಿ ಹಚ್ಚಿದ ಮನಷಾ ಅಲ್ಲವಾ’ ಅಂದೆ. ‘ಹುಟ್ಟೂವಾಗ ಸೈತ, ಸೂಲಗಿತ್ತಿ ಬರೂದ್ರಾಗ ಹುಟ್ಟಿ ಮುಗಿಸಿದ್ದೆ.’

‘ಮಾವಾರ ಅಪರೂಪಕ್ಕ ಬಂದಾರ, ಇರಲಿ ಬಿಡು’ ಅಂದ ಅಳಿಯ. ಫೋನಿನ್ಯಾಗ ಬಟ್ಟು ಒತ್ತಿ ನಾಕು ಪಾಸು ತಗೊಂಡೂಬಿಟ್ಟ. ತಂದು ಕೊಟ್ಟಾಂವ ಅಂವ, ಹಟಾ ಹಿಡದಾಂವ ನಾ. ಮುಂದ ಆದದ್ದಕ್ಕೆಲ್ಲಾ ಮಗಳು ಯಾರನ್ನ ನೋಡಿದ್ಲು ಅಂತ ನಿಮಗ ಗೊತ್ತಾಗಿರಬೇಕು.

ಅಂವಗ ಡ್ಯೂಟಿ ಇತ್ತು, ಬರೂಹಂಗ ಇರಲಿಲ್ಲ. ಆದ್ರ ಹೋಗೂಕಿಂತ ಮೊದಲ ನನ್ನ ತೋಳಿಗೆ ಬಿ.ಪಿ. ಮಶೀನಿನ ಪಟ್ಟಿ ಸುತ್ತಿದ. ಆ ಮನ್ಯಾಗ ಬಂದವ್ರಿಗೆ ಚಾಕ್ಕಿಂತ ಮೊದಲ ಅದು. ‘ಏನೂ ಇಲ್ರಿ ಮಾವಾರ, ಹರೇದ ಹುಡುಗರಂಗ ಐತಿ’ ಅಂದ. ನಾ ಅದನ್ನ ಭೂಮಿಗೆ ಮತ್ತ ಮತ್ತ ಹೇಳಿದೆ. ‘ಕೇಳಿದ್ಯೇನವಾ, ಹರೇದ ಹುಡುಗ!’ ಹೇಳಬಾರದಿತ್ತು.

ಪಾರ್ಕಿನ ಗೇಟು

ಊರ ಹೊರಗಿನ ವರ್ತುಲ ರಸ್ತೆ ಹಿಡದು ಕಾರಿನ್ಯಾಗ ಹೊಂಟ್ವಿ. ನನ್ನ ಬಸ್ಸಿನ ಹಿಂದಿ ಈ ಊರಾಗ ಚಲೋ ನಡೀತೈತಿ. ‘ಹೌದು’ ಅನ್ನಾಕ ಇವರೂ ‘ಹೌ’ ಅಂತಾರ, ಅರ್ಧಾ ಕೆಲಸ ಅಲ್ಲೇ ಮುಗೀತು. ಡ್ರೈವರಗ ‘ಈ ರಸ್ತಾ ಯಾವಾಗ ಆತಪಾ?’ ಅಂದೆ. ‘ಪರ್ಸೋಂ’ ಅಂದ. ಮೊನ್ನೆ ಅಂತ ಅರ್ಥ, ಆದ್ರ ಈ ಊರಾಗ ಹಿಂದ ಆದದ್ದೆಲ್ಲಾ ಮೊನ್ನೆನ. ‘ಆ ದೊಡ್ಡ ಕಟ್ಟಡ?’ ಅದೂ ಪರ್ಸೋಂ. ‘ಚಾರ್ಮಿನಾರ್ ಯಾವಾಗ ಕಟ್ಟಿದ್ರು?’ ಅಂತ ಕೇಳಿದೆ. ಕನ್ನಡ್ಯಾಗ ನನ್ನ ಮಾರಿ ನೋಡಿ, ಚೂರೂ ನಗಲಾರದ, ‘ವೋ ಭೀ ಪರ್ಸೋಂಚ್, ಚಾಚಾ’ ಅಂದ. ನನ್ನ ಜಾತ್ಯಾಂವ ಒಬ್ಬಾಂವ ಸಿಕ್ಕ ಅಂತ ಭಾಳ ಖುಷಿ ಆತು.

ಗೇಟಿನ್ಯಾಗ ಚೀಲಾ ತಪಾಸ. ನಮ್ಮ ಮನಿಯಾಕಿ ಮೊಣಕಾಲು ನೋವಂತ ಬಂದಿರಲಿಲ್ಲ, ಆದ್ರ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕಳಿಸಿದ್ಲು. ಹೊರಗಿನ ಊಟ ಒಳಗ ಬಿಡೂದಿಲ್ಲಂತ. ಮೀಸಿ ಗಾರ್ಡು ಚಟ್ನಿ ಪುಡಿ ಎತ್ತಿ ಹಿಡದು, ‘ಯೇ ಕ್ಯಾ ಹೈ?’ ಅಂದ.

‘ದವಾ’ ಅಂದೆ, ಔಷಧ ಅಂತ.

‘ಕಾಯ್ಕಾ ದವಾ?’

‘ಮಾರಿ ಗಂಟು ಹಾಕ್ಕೊಂಡವ್ರಿಗೆ.’

ಅಂವ ಒಂದು ಚಿವಟಿ ಬಾಯಾಗ ಹಾಕ್ಕೊಂಡ. ಕಣ್ಣಾಗ ನೀರು ಬಂತು, ಆಮ್ಯಾಲೆ ನಗಿ ಬಂತು. ‘ದವಾ ಕಾಮ್ ಕರ್‍ರೀ’ ಅಂದ, ಔಷಧ ಕೆಲಸ ಮಾಡಾಕತ್ತೈತಿ ಅಂತ. ರೊಟ್ಟಿ ಗಂಟು ತನ್ನ ಟೇಬಲ್ ಕೆಳಗ ಇಟ್ಕೊಂಡ. ನಮ್ಮ ನಾಕೂ ಮಂದಿ ಕೈಗೆ ಕೇಸರಿ ಬಣ್ಣದ ಪಟ್ಟಿ ಕಟ್ಟಿದ್ರು. ಅದ ಪಾಸು. ಚಿನ್ನು ಅದನ್ನ ನೆಕ್ಕಿ ನೋಡಿದ.

ಕಪ್ಪಿ ಆಟ

ಮಗಳ ಮಾತು ಖರೆ ಆಗಾಕ ಭಾಳ ಹೊತ್ತು ಹಿಡೀಲಿಲ್ಲ. ಸಣ್ಣ ಮಕ್ಕಳ ಕಡೆ ಮೊದಲ ಆಟ ಕಪ್ಪಿದು. ಹಸರ ಕಪ್ಪಿ ಒಳಗ ಕುಂತ್ರ ಅದು ಕುಪ್ಪಳಸ್ತೈತಿ. ಅಲ್ಲೆ ಪಾಳಿ ಅಂದ್ರ ಇಬ್ಬರು ಹುಡುಗ್ರು, ಅವರ ಅಜ್ಜಿ. ಆದ್ರೂ ನಾ ಪಾಸಿನ ದಾರಿನ ಹಿಡದೆ. ಎದಿ ಉಬ್ಬಿಸಿ, ಪಟ್ಟಿ ಎಲ್ಲಾರಿಗೂ ಕಾಣೂಹಂಗ ಕೈ ಎತ್ತಿ. ಆ ದಾರಿ ಕಪ್ಪಿ ಸುತ್ತ, ಆಮ್ಯಾಲೆ ಒಂದು ಗಿಡದ ಸುತ್ತ, ಆಮ್ಯಾಲೆ ಐಸ್‌ಕ್ರೀಮ್ ಅಂಗಡಿ ಹಿಂದಿನಿಂದ ಸುತ್ತಿ ಬರತೈತಿ. ನಾವು ಬರೂದ್ರಾಗ ಆ ಅಜ್ಜಿ, ಹುಡುಗ್ರು ಕುಂತು, ಕುಪ್ಪಳಸಿ, ಇಳದು, ನಮ್ಮನ್ನ ನೋಡಿ ನಕ್ಕೊಂತ ಹೊಂಟಿದ್ರು.

‘ಪಾಳಿ ತಪ್ಪಿಸಿದ್ದಿ ನೋಡಪಾ’ ಅಂದ್ಲು ಮಗಳು.

ಎರಡನೇದು ಸಣ್ಣ ರೈಲು. ಅದರಾಗ ಇಂಜಿನ್ ಸನೇಕಿನ ಡಬ್ಬಿ ಚಿನ್ನುಗ ಬೇಕಾಗಿತ್ತು. ನಮ್ಮ ಕಡೆ ಇದಕ್ಕ ಏನು ಮಾಡತಾರ ಅಂತ ನಿಮಗ ಗೊತ್ತು. ಬಸ್ಸು ನಿಂದ್ರೂದ್ರಾಗ ಕಿಡಕ್ಯಾಗಿಂದ ಟಾವೆಲ್ ಒಗದ್ರ ಸೀಟು ನಮ್ಮದು. ಡ್ಯೂಟಿ ಮ್ಯಾಲಿದ್ದಾಗ ಅಂಥಾ ಟಾವೆಲ್ ಎಷ್ಟು ಎತ್ತಿ ಒಗದೀನೋ, ಡ್ಯೂಟಿ ಇಲ್ಲದಾಗ ಅಷ್ಟ ಒಗದು ಸೀಟು ಹಿಡದೀನಿ. ಕೈ ಕೇಳಲಿಲ್ಲ. ಸಣ್ಣ ರೈಲು ಇನ್ನೂ ತಿರುವಿನ್ಯಾಗ ಇತ್ತು, ಹೆಗಲ ಮ್ಯಾಲಿನ ಟಾವೆಲ್ ಹಾರಿ ಹೋಗಿ ಮುಂದಿನ ಡಬ್ಬ್ಯಾಗ ಕುಂತ್ತು. ಗುರಿ ಅಂದ್ರ ಗುರಿ. ಕೂಡಲೆ ಸೀಟಿ ಊದಿದ್ರು, ರೈಲು ನಿಂತ್ತು, ಯಾವುದೋ ಮಗುವಿನ ಬಟ್ಟಿ ಹಳಿ ಮ್ಯಾಲೆ ಬಿತ್ತಂತ ತಿಳದು ರೈಲಿನಾಂವ ಓಡಿ ಬಂದ. ಟಾವೆಲ್ ತಂದು ನನ್ನ ಕೈಯಾಗ ಇಟ್ಟು, ಹೊಳ್ಳಿ ಇಂಜಿನ್ ಹತ್ತಿದ. ಸುಮಂಗಲಾ ಅಂದದ್ದು ಮಾತ್ರ ಇಲ್ಲೆ ಬರಿಯೂಹಂಗಿಲ್ಲ. ಚಿನ್ನು ಮಾತ್ರ ಬಿದ್ದು ಬಿದ್ದು ನಕ್ಕು, ಆವಾಗಿಂದ ನನ್ನ ಕೈ ಹಿಡದ.

ಮೂರನೇದಕ್ಕ ಖರೇನ ಉದ್ದ ಪಾಳಿ ಇತ್ತು. ನೀರಾಗ ತೇಲೂ ದೋಣಿ. ಪಾಸಿನ ದಾರಿಲೆ ಸೀದಾ ಹೋದ್ವಿ. ಬಾಗಲದಾಂವ ನಮ್ಮ ಪಟ್ಟಿಗೆ ಮಶೀನ್ ಹಿಡದ, ಅದು ‘ಕುಂಯ್’ ಅಂತು. ದೋಣ್ಯಾಗ ಕಾಲಿಡಬೇಕು, ಅಷ್ಟರಾಗ ಚಿನ್ನು, ‘ಅಮ್ಮಾ, ಸುಸ್ಸು.’

ಎಲ್ಲಾರೂ ಓಡಿದ್ವಿ. ಹೊಳ್ಳಿ ಬಂದು ಪಟ್ಟಿ ತೋರಿಸಿದ್ರ ಮಶೀನ್ ಸುಮ್ಮನಿತ್ತು.

‘ಅಯಿಪೋಯಿಂದಿ ಸಾರ್’ ಅಂದ ಅಂವ. ಮುಗದು ಹೋತ್ರಿ ಅಂತ.

‘ನಾವು ಕುಂತಿಲ್ಲಲ್ಲೋ ತಮ್ಮಾ! ಹುಡುಗಗ ಅರ್ಜೆಂಟ್ ಇತ್ತು.’

‘ಒಕಸಾರಿ ಸ್ಕ್ಯಾನ್ ಅಯ್ತೇ ಅಂತೇ ಸಾರ್.’ ಒಮ್ಮೆ ಸ್ಕ್ಯಾನ್ ಆದ್ರ ಅಷ್ಟ ಅಂತ.

ನಾ ಪಟ್ಟಿ ಕಟ್ಟಿದ ಕೈ ಕೆಳಗ ಇಳಿಸಿದೆ. ಚಾ ಕುಡಿಯಾಕ ಇಳದು ಬಸ್ಸು ತಪ್ಪಿಸ್ಕೊಂಡು, ಮುಂದಿನ ಬಸ್ಸಿಗೆ ಅದ ಟಿಕೀಟು ಹಿಡಕೊಂಡು ಬಂದವ್ರಿಗೆ ಇದ ಮಾತು, ಇದ ದನಿಲೆ ನಾ ಎಷ್ಟು ವರ್ಷ ಹೇಳೀನಿ! ಅಂವ ಹೇಳಿದ್ದು ನನಕಿಂತ ಮೆತ್ತಗಿತ್ತು. ಇನ್ನೂ ಕಲೀಬೇಕು ಅಂವ.

ಕಂಬದ ಬುಡಕ

ಭೂಮಿ ಇದೆಲ್ಲಾ ಆಗೂತನಕ ತಾಳಿಕೊಂಡಿದ್ಲು. ಈಗ ನನ್ನ ಇನ್ನೊಂದು ಕೈ ಹಿಡದು ಎಳದ್ಲು. ‘ಅಜ್ಜಾ, ಈಗ ನಮ್ಮದು.’

ಕಂಬದ ಬುಡಕ ನಿಂತು ತಲಿ ಎತ್ತಿ ನೋಡಿದೆ. ನೋಡಬಾರದಿತ್ತು. ಮ್ಯಾಲಿಂದ ಮಂದಿ ಕೂಗಿದ್ದು ಮೊದಲ ಕೇಳಸ್ತು, ಮಂದಿ ಆಮ್ಯಾಲೆ ಬಂದ್ರು.

ಎಲ್ಲಾರ ಪಾಳಿ ಶ್ರಾವಣ ಸೋಮವಾರದ ಗುಡಿ ಪಾಳಿ ಇದ್ದಂಗ ಸುತ್ತಿ ಸುತ್ತಿ ಬಂದಿತ್ತು. ಅದನ್ನ ನೋಡಿ ಜೀವಕ್ಕ ಎಷ್ಟು ತಂಪಾತು! ಅಷ್ಟು ಹೊತ್ತು ನಿಂತ್ರ ಯಾರಿಗರೆ ಹಸಿವಿ ಆಗತೈತಿ, ಯಾರಿಗರೆ ನಿದ್ದಿ ಬರತೈತಿ, ಮಳಿ ಸೈತ ಬರಬಹುದು. ಆದ್ರ ನಮ್ಮ ಕೈಯಾಗ ಕೇಸರಿ ಪಟ್ಟಿ. ಜೀವನದಾಗ ಮೊದಲ ಸಲ ನನಗ ಪಾಳಿ ಬೇಕಾಗಿತ್ತು, ಮೊದಲ ಸಲ ಅದು ಸಿಗಲಿಲ್ಲ.

ಪಾಸಿನ ಬಾಗಲದಾಗ ಟೋಪಿ ಹಾಕ್ಕೊಂಡ ಹುಡಿಗಿ ಒಬ್ಬಾಕಿ. ಆಕಿ ಮಗ್ಗಲಕ್ಕ ಒಂದು ಹಲಗಿ, ಅದರ ಮ್ಯಾಲೆ ಜಿರಾಫಿ ಚಿತ್ರ. ಜಿರಾಫಿ ಮೂಗಿಗೆ ತಲಿ ತಾಗಿದವ್ರು ಮಾತ್ರ ಹತ್ತಬೇಕು. ಭೂಮಿ ಹಲಗಿಗೆ ಬೆನ್ನು ಹಚ್ಚಿ, ಉಸಿರು ಬಿಗಿ ಹಿಡದು ನಿಂತ್ಲು. ಮೂಗಿಗೆ ಎರಡು ಬಟ್ಟು ಕಡಿಮಿ.

‘ಎತ್ತು ಸರಿಪೋದು ತಾತಾ’ ಅಂದ್ಲು ಟೋಪಿ ಹುಡಿಗಿ. ಎತ್ತರ ಸಾಲೂದಿಲ್ಲ.

ಭೂಮಿ ಮಾರಿ ನೋಡಿ ನಾ, ‘ಬಾ ಇಲ್ಲೆ’ ಅಂತ ಒಂದು ಬೆಂಚಿನ ಹಿಂದ ಕರಕೊಂಡು ಹೋದೆ. ಆಕಿ ಕೂದಲ ಎಲ್ಲಾ ಎತ್ತಿ ನಡುನೆತ್ತಿಗೆ ತೆಂಗಿನ ಗಿಡದಂಗ ಒಂದು ಜುಟ್ಟಲಾ ಕಟ್ಟಿದೆ. ನನ್ನ ಕರವಸ್ತ್ರ ಮಡಚಿ ಎಡಗಾಲ ಬೂಟಿನ್ಯಾಗ, ಚಿನ್ನುನ ಕರವಸ್ತ್ರ ಬಲಗಾಲಿಗೆ. ಅಜ್ಜ ಮೊಮ್ಮಗಳು ರಾಜಾ ರಾಣಿ ಹಂಗ ಹೊಳ್ಳಿ ಬಂದ್ವಿ. ಜುಟ್ಟಲಾ ಜಿರಾಫಿ ಕಿವಿತನಕ ಹೋತು.

ಆ ಹುಡಿಗಿ ನಕ್ಕೊಂತ ಅಂಗೈಯಿಂದ ಜುಟ್ಟಲಾ ಮೆಲ್ಲಕ ಒತ್ತಿದ್ಲು. ತೆಂಗಿನ ಗಿಡ ಮಕ್ಕೊಂತು. ಆಮ್ಯಾಲೆ ಬೈಯಲಿಲ್ಲ ಪಾಪ, ನನ್ನ ಕರಕೊಂಡು ಹೋಗಿ ಒಂದು ಖಾಲಿ ಕುರ್ಚಿ ತೋರಿಸಿದ್ಲು. ಹೆಗಲ ಮ್ಯಾಲಿಂದ ಇಳಿಯೂ ಕಬ್ಬಿಣದ ಪಟ್ಟಿ ಕೆಳಗ ಎಳದು, ಅದರ ಕೆಳಗ ಉಳದ ಜಾಗಾದಾಗ ತನ್ನ ಕೈ ಆಡಿಸಿದ್ಲು. ‘ಚೂಡಂಡಿ. ಪಾಪ ಇಕ್ಕಡ್ನುಂಚಿ ಜಾರಿಪೋತುಂದಿ.’

ತೆಲುಗು ಬರದಿದ್ರೂ ತಿಳೀತು, ಕೂಸು ಇಲ್ಲಿಂದ ಜಾರಿ ಬೀಳತೈತಿ ಅಂತ. ಫುಟ್‌ಬೋರ್ಡಿನ ಮ್ಯಾಲೆ ಜೋತಾಡೂ ಹುಡುಗ್ರನ್ನ ಕಾಲರ್ ಹಿಡದು ಒಳಗ ಎಳದಾಂವ ನಾ. ಬೂಟಿನ್ಯಾಗಿನ ಕರವಸ್ತ್ರ ನಾನ ತಗದೆ.

ಭೂಮಿ ಅಳಲಿಲ್ಲ. ಅತ್ತಿದ್ರ ಒಂದು ಐಸ್‌ಕ್ರೀಮಿಗೆ ಮುಗೀತಿತ್ತು. ನನ್ನ ಕೈ ಬಿಟ್ಟು, ‘ದೀಕ್ಷಿತಾ ಹೇಳಿದ್ದ ಖರೆ’ ಅಂದ್ಲು.

‘ಹಂಗಲ್ಲವಾ, ಮುಂದಿನ ವರ್ಷ ನೀ ಬೆಳೀತಿ...’

‘ನಾ ಸಣ್ಣಾಕಿ. ನೀ ಸಣ್ಣಾಂವ ಅಲ್ಲಲಾ? ನೀ ಹೋಗು.’

‘ನೀ ಇಲ್ಲದ ನಾ ಒಬ್ಬನ ಹೆಂಗ ಹೋಗಲಿ, ಮಜಾನ ಇರೂದಿಲ್ಲ.’

‘ಹೋಗು ಅಜ್ಜಾ’ ಅಂತ ಚಿನ್ನು ಸೈತ ಶುರು ಮಾಡಿದ. ಎಲ್ಲಾ ಬಿಟ್ಟು ಆಗ ಬಾಯಿ ಬಂತು ಆ ಹುಡುಗಗ.

ಟೋಪಿ ಹುಡಿಗಿ ನನ್ನ ಬಿಳಿ ಕೂದಲ ನೋಡಿ, ‘ತಾತಾ, ಮೀಕು ಬಿ.ಪಿ. ಉಂದಾ?’ ಅಂದ್ಲು. ದೇವರು ಬಂದಂಗ ಬಂದ್ಲು ನೋಡ್ರಿ. ಇದ್ರ ಹತ್ತಾಕ ಬಿಡೂದಿಲ್ಲ ಅಂತ ಬೋರ್ಡು ಸೈತ ಅಲ್ಲೇ ಇತ್ತು. ನಾ ಎದಿ ಮ್ಯಾಲೆ ಕೈ ಇಟ್ಟು, ಮಾರಿ ಸಣ್ಣದು ಮಾಡಿ, ಬಾಯಿ ತಗೀಬೇಕು, ಭೂಮಿ ಇಡೀ ಪಾರ್ಕಿಗೆ ಕೇಳೂಹಂಗ ಒದರಿದ್ಲು:

‘ಲೇದು! ನಮ್ಮ ಅಜ್ಜಗ ಬಿ.ಪಿ. ಇಲ್ಲ! ಹರೇದ ಹುಡುಗ!’

ನನ್ನ ಪಾಳಿ

ಚಪ್ಪಲಿ, ಚಸ್ಮಾ, ಟಾವೆಲ್ ಎಲ್ಲಾ ಕೆಳಗ ಕೊಟ್ಟು ಹೋಗಬೇಕು. ಸ್ನಾನಕ್ಕ ಹೊಂಟಂಗ ಹೊಂಟೆ. ಉದ್ದ ಪಾಳ್ಯಾಗ ನಿಂತ ಹುಡುಗ್ರು ನನ್ನ ನೋಡಿ ‘ತಾತಾ, ಸೂಪರ್’ ಅಂತ ಚಪ್ಪಾಳಿ ಹೊಡದ್ರು. ನಿಮ್ಮ ಜಾಗಾ ಕೊಡ್ರಪಾ, ನಿಮ್ಮ ಹಿಂದ ಸಂಜಿತನಕ ನಿಂದರತೀನಿ ಅಂತ ಹೇಳೂವಷ್ಟು ಪ್ರೀತಿ ಬಂತು ಅವರ ಮ್ಯಾಲೆ. ಅಷ್ಟರಾಗ ಮಶೀನ್ ‘ಕುಂಯ್’ ಅಂತು. ಕುಂತೆ. ಬಿಗದ್ರು.

ಏರೂವಾಗ ಮೊದಲ ಗಿಡದ ತುದಿ ಕಾಲಕೆಳಗ ಹೋದ್ವು. ಅಲ್ಲಿಗೆ ಕಣ್ಣು ಮುಚ್ಚಿದೆ. ಮುಂದಿಂದು ನನಗ ಗೊತ್ತಿಲ್ಲ. ಗಾಳಿ ಇತ್ತು. ಮಗ್ಗಲದ ಕುರ್ಚ್ಯಾಗ ಒಬ್ಬಾಕಿ ‘ಅಮ್ಮೋ’ ಅಂದ್ಲು. ನೆಲ ಇಲ್ಲದಂಗ ಆತು. ಆಮ್ಯಾಲೆ ಯಾರೋ ಬಿಗದದ್ದನ್ನ ಬಿಚ್ಚಾಕತ್ತಿದ್ರು.

ಸ್ವಲ್ಪ ಹೊತ್ತು ಧೋತರ ಸರಿ ಮಾಡಿಕೊಂಡಂಗ ಮಾಡಿದೆ. ಆಮ್ಯಾಲೆ ನಗಮಾರಿ ಮಾಡಿಕೊಂಡು ಇಳದು ಬಂದೆ.

‘ಏನವಾ ಅದು! ಏನು ಕಂಡ್ತು ಅಂತಿ! ಚಾರ್ಮಿನಾರ್ ಕಂಡ್ತು. ಗೋಲ್ಕೊಂಡಾ ಕಂಡ್ತು. ಇನ್ನೊಂಚೂರು ಏರಿಸಿದ್ರ ನಮ್ಮ ಗದಗಿನ ಗುಡ್ಡದ ಗಾಳಿ ಫ್ಯಾನು ಸೈತ ಕಾಣತಿದ್ವು.’

ಭೂಮಿ ಎಲ್ಲಾ ಕೇಳಿದ್ಲು. ಆಮ್ಯಾಲೆ, ‘ನಾ ಏನ ಮಾಡಾಕತ್ತಿದ್ದೆ?’ ಅಂದ್ಲು.

‘ಆಂ?’

‘ಕೆಳಗ. ನಿನಗ ಕಾಣಲಿ ಅಂತ ಒಂದು ಮಾಡಿದೆ. ಏನು?’

‘ಕೈ ಬೀಸಿದಿ.’

‘ಇಲ್ಲ. ನಿನ್ನ ಟಾವೆಲ್ ತಲಿಗೆ ಪಟಗಾ ಸುತ್ತಿಕೊಂಡಿದ್ದೆ.’

‘ಚಸ್ಮಾ ಇರಲಿಲ್ಲವಾ...’

‘ಚಸ್ಮಾ ನೀ ಪೇಪರ್ ಓದಾಕ ಹಾಕ್ತಿ. ದೂರಿಂದು ಹದ್ದಿನಂಗ ಕಾಣತೈತಿ ಅಂತ ನೀನ ಹೇಳಿದ್ದಿ.’ ಸ್ವಲ್ಪ ಹೊತ್ತು ನನ್ನ ಕಣ್ಣನ್ನ ನೋಡಿದ್ಲು. ‘ನೀ ಕಣ್ಣು ಮುಚ್ಚಿದ್ದಿ.’

ಸುಮಂಗಲಾ ನಗಿ ತಡಕೊಳ್ಳಾಕ ಆ ಕಡೆ ಮಾರಿ ತಿರುವಿದ್ಲು. ಕಂಡಕ್ಟರ್ ಕೆಲಸದಾಗ ಟಿಕೀಟು ಇಲ್ಲದವ್ರನ್ನ ಬರೇ ಮಾರಿ ನೋಡಿ ಹಿಡೀತಿದ್ದೆ ನಾ. ಅದು ರಕ್ತದಾಗ ಬರತೈತಿ ಅಂತ ಗೊತ್ತಿರಲಿಲ್ಲ.

ಭೂಮಿ ತನ್ನ ಕೈ ಮುಂದ ಚಾಚಿ ಕೇಸರಿ ಪಟ್ಟಿ ತೋರಿಸಿದ್ಲು. ‘ನನ್ನ ಪಾಳಿ ಇನ್ನೂ ಐತಿ. ಅದಕ್ಕೂ ನೀನ ಹೋಗು. ಈ ಸಲ ಕಣ್ಣು ತಗಿ. ನಾ ಇನ್ನೊಂದು ಏನರೆ ಮಾಡತೀನಿ, ಬಂದು ಹೇಳು. ಹೇಳಿದ್ರ ನಂಬತೀನಿ.’

‘ಒಬ್ಬರ ಪಾಳಿಗೆ ಇನ್ನೊಬ್ಬರು ಹೋಗೂಹಂಗಿಲ್ಲವಾ, ಕಾನೂನು ಐತಿ’ ಅಂದೆ, ಟೋಪಿ ಹುಡಿಗಿ ಕಡೆ ಆಸೆಲೆ ನೋಡಿ. ಆಕಿ ತಲಿ ಅಲ್ಲಾಡಿಸಿದ್ಲು. ಎತ್ತರ ಸಾಲದ ಮಗುವಿನ ಪಾಳಿ, ಜೋಡಿ ಬಂದ ದೊಡ್ಡವ್ರು ಬಳಸಬಹುದಂತ. ಇಂಥಾ ಒಳ್ಳೇ ಕಾನೂನು ಯಾರು ಮಾಡಿದ್ರೋ!

ಭೂಮಿ ಪಾಳಿ

ಈ ಸಲ ಪಟ್ಟಿ ಬಿಗೀವಾಗ, ಬರೇ ಕಣ್ಣು ತಗಿಯೂದು ಅಷ್ಟ, ಮತ್ತೇನಿಲ್ಲ ಅಂತ ನನಗ ನಾನ ಹೇಳಿಕೊಂಡೆ. ಗಿಡದ ತುದಿ ಬಂದ್ವು. ರೆಪ್ಪಿ ತಾವ ಕೆಳಗ ಬಂದ್ವು, ನಾ ಮತ್ತ ಎತ್ತಿದೆ. ಐಸ್‌ಕ್ರೀಮ್ ಅಂಗಡಿ ತಗಡು ಕಾಣ್ತು. ನಾ ಸುತ್ತಿದ ಪಾಸಿನ ದಾರಿ ಪೂರಾ ಕಾಣ್ತು, ಜಿಲೇಬಿ ಬಿಟ್ಟಂಗ ಇತ್ತದು.

ತುದಿಗೆ ಹೋಗಿ ನಿಂತಾಗ ಯಾರೂ ಕೂಗಲಿಲ್ಲ. ಅಲ್ಲೆ ಭಾಳ ಶಾಂತ ಇರತೈತ್ರಿ. ಇದನ್ನ ಯಾರೂ ಹೇಳಿರಲಿಲ್ಲ ನನಗ. ಬಯಲ ತುಂಬ ಬಂಡಿಗಲ್ಲು, ಒಂದರ ಮ್ಯಾಲೊಂದು ಯಾರೋ ಇಟ್ಟು ಮರತು ಹೋದಂಗ. ನಮ್ಮ ಕೊಪ್ಪಳ, ಗಂಗಾವತಿ ದಾರ್‍ಯಾಗ ಇಂಥವ ಕಲ್ಲು ನೋಡಿಕೊಂತ ಎಷ್ಟು ಟ್ರಿಪ್ ಹೊಡದೀನಿ. ನಡುವ ಒಂದು ಕೆರಿ, ಚೂರು ನೀರು. ದೂರ ಹೊಸಾ ಕಟ್ಟಡ, ಅದರ ಮ್ಯಾಲೆ ಕ್ರೇನು. ಶಂಶಾಬಾದ್ ಕಡೆ ಒಂದು ವಿಮಾನ ಸಣ್ಣ ಹುಳದಂಗ ಇಳಿಯಾಕತ್ತಿತ್ತು. ಪಾರ್ಕಿನ ಹೊರಗ ರಸ್ತಾದಾಗ ಒಂದು ಬಸ್ಸು ಸ್ಟಾಪು ಬಿಟ್ಟು ಮುಂದ ಹೋಗಿ ನಿಂತ್ತು, ಮಂದಿ ಅದರ ಹಿಂದ ಓಡಿದ್ರು. ಈ ರಾಜ್ಯದಾಗೂ ಹಿಂಗ ಮಾಡತಾರ ಅಂತ ಸಮಾಧಾನ ಆತು.

ಕೆಳಗ ನೋಡಿದೆ. ಸುಮಂಗಲಾನ ಹಳದಿ ಓಢಣಿ ಮೊದಲ ಸಿಕ್ತು. ಆಕಿ ಕಾಲ ಹತ್ರ ಚಿನ್ನು, ನೆಲದಾಗ ಕುಂತು ಏನೋ ಹೆಕ್ಕಾಕತ್ತಿದ್ದ. ಮಗ್ಗಲಕ್ಕ ಭೂಮಿ. ಪಟಗಾ ಇರಲಿಲ್ಲ, ಕುಣ್ಯಾಕತ್ತಿರಲಿಲ್ಲ, ಕೈ ಬೀಸಾಕತ್ತಿರಲಿಲ್ಲ. ಎರಡೂ ಅಂಗೈ ಕಣ್ಣಿನ ಮ್ಯಾಲೆ ಗಟ್ಟಿಯಾಗಿ ಒತ್ತಿಕೊಂಡು, ಅಲ್ಲಾಡಲಾರದ ನಿಂತಿದ್ಲು.

ಅಷ್ಟರಾಗ ಬಾವಿಗೆ ಕೊಡಾ ಬಿಟ್ಟಂಗ ಬಿಟ್ರು. ಬೀಳೂವಾಗೂ ನಾ ಕಣ್ಣು ಮುಚ್ಚಲಿಲ್ಲ. ಹೆಂಗ ಮುಚ್ಚಲಿಲ್ಲ ಅಂತ ನನಗ ಇವತ್ತಿಗೂ ಗೊತ್ತಿಲ್ಲ.

ಹೊಳ್ಳಿ ಬರೂ ದಾರಿ

‘ಹೇಳು’ ಅಂದ್ಲು ಭೂಮಿ. ಕೈ ಬೆನ್ನಿಂದ ಕಟ್ಟಿಕೊಂಡು ನಿಂತಿದ್ಲು, ಏನೂ ಆಗಿಲ್ಲದಾಕಿ ಹಂಗ.

ಆಕಿ ಅವ್ವ ಅಲ್ಲೇ ಇದ್ಲು, ತಮ್ಮ ಇದ್ದ. ಟೋಪಿ ಹುಡಿಗಿ ಸೈತ ಕಿವಿ ಕೊಟ್ಟಿದ್ಲು. ಇಂಥಾ ಅವಕಾಶ ಬಿಡೂ ಮನಷಾ ಅಲ್ಲ ನಾ, ಇಡೀ ಗದಗಿಗೆ ಗೊತ್ತು. ಆದ್ರ ಬಗ್ಗಿ ಆಕಿ ಕಿವ್ಯಾಗ ಮಾತ್ರ ಹೇಳಿದೆ. ‘ಕಣ್ಣು ಮುಚ್ಚಿಕೊಂಡಿದ್ದಿ. ಎರಡೂ ಕೈಲೆ.’

ಆಕಿ ಕಿವಿ ಕೆಂಪಗಾದ್ವು.

‘ನೀ ಬಿದ್ರ ಅಂತ’ ಅಂದ್ಲು, ಅಷ್ಟ ಸಣ್ಣ ದನಿಲೆ. ಆಮ್ಯಾಲೆ, ‘ಅಮ್ಮಗ ಹೇಳಬ್ಯಾಡ.’

‘ಏನಂತ? ಸರಿ ಹೇಳಿದ್ನೋ ಇಲ್ಲೋ?’ ಅಂದ್ಲು ಸುಮಂಗಲಾ.

‘ಸರಿ ಹೇಳಿದ’ ಅಂದ್ಲು ಭೂಮಿ ಜೋರಾಗಿ, ನನ್ನ ಕೈ ಹಿಡದು.

ಗೇಟಿನ್ಯಾಗ ಗಂಟು ಈಸ್ಕೊಂಡ್ವಿ. ರೊಟ್ಟಿ ಹಂಗ ಇದ್ವು, ಚಟ್ನಿ ಅರ್ಧಾ ಆಗಿತ್ತು, ಗಾರ್ಡು ಭಾಳ ಖುಷಿಲೆ ಸಲಾಮು ಹೊಡದ. ಕಾರಿನ್ಯಾಗ ಚಿನ್ನು ಅವ್ವನ ತೊಡಿ ಮ್ಯಾಲೆ ನಿದ್ದಿ ಹೋದ, ಸ್ವಲ್ಪ ಹೊತ್ತಿಗೆ ಅವ್ವನೂ ಹೋದ್ಲು. ಭೂಮಿ ನನ್ನ ಮಗ್ಗಲಕ್ಕ ಸರದು ಕುಂತು, ‘ಮ್ಯಾಲಿಂದ ಏನೇನು ಕಾಣತೈತಿ, ಎಲ್ಲಾ ಹೇಳು. ಸೋಮವಾರ ಸಾಲ್ಯಾಗ, ನಾನೂ ಹತ್ತಿದ್ದೆ ಅಂತ ಹೇಳತೀನಿ’ ಅಂದ್ಲು.

ಬಂಡಿಗಲ್ಲು ಹೇಳಿದೆ. ಕೆರಿ ಹೇಳಿದೆ, ಓಡಿದ ಮಂದಿನ್ನ ಹೇಳಿದೆ. ಕಂಡದ್ದನ್ನ ಕಂಡಂಗ, ಒಂದು ಅಕ್ಷರ ಸೇರಿಸಲಾರದ. ನನಗ ರೂಢಿ ಇಲ್ಲದ ಕೆಲಸ, ನಡುನಡುವ ನಾಲಿಗಿ ತಡೀತಿತ್ತು. ಆಕಿ ಒಂದೊಂದಕ್ಕೂ ತಲಿ ಅಲ್ಲಾಡಿಸಿ ಬಾಯಾಗ ಹೊಳ್ಳಿ ಅಂದು ಗಟ್ಟಿ ಮಾಡಿಕೊಂಡ್ಲು. ಖರೆ ಏನು, ಹೌದೇನು ಅಂತ ಒಮ್ಮೆನೂ ಕೇಳಲಿಲ್ಲ.

‘ವಿಮಾನ ಕಾಣ್ತೇನು?’

‘ಒಂದು ಕಾಣ್ತು. ಭಾಳ ದೂರ, ಹುಳದಂಗ.’

ಆಕಿಗೆ ಅದು ಸಾಲಲಿಲ್ಲ. ಕಿಡಕ್ಯಾಗಿಂದ ಹೊರಗ ನೋಡಿಕೊಂತ, ‘ವಿಮಾನ ನನ್ನ ಕಾಲ ಕೆಳಗಿಂದ ಹೋತು ಅಂತ ಹೇಳತೀನಿ’ ಅಂದ್ಲು.

‘ಕಾಲ ಕೆಳಗಿಂದ ಅಂದ್ರ ದೀಕ್ಷಿತಾ ನಂಬೂದಿಲ್ಲವಾ’ ಅಂದೆ. ‘ಮಗ್ಗಲದಾಗ ಹೋತು ಅನ್ನು.’

ಭೂಮಿ ವಿಚಾರ ಮಾಡಿದ್ಲು.

‘ವಿಮಾನದ ಕಿಡಕ್ಯಾಗ ಒಬ್ಬ ಹುಡುಗ ಕುಂತಿದ್ದ’ ಅಂದ್ಲು. ‘ನನಗ ಕೈ ಬೀಸಿದ.’